ಮುರುಗಪ್ಪನ ಹೊಟ್ಟೆಗೆ ಬಿದ್ದ ಮದ್ದು

ಹಿರಿಯೂರು ಬಳಿಯ ಬಬ್ಬೂರು ಕೃಷಿ ಫಾರಂನಲ್ಲಿ ಮುರುಗಪ್ಪನ ಕೆಲಸ ನೀರು ಬಿಡುವುದು. ಮಾವಿನ ತಾಕು, ದಾಳಿಂಬೆ ತಾಕು, ಶೇಂಗಾ ತಾಕು, ಎಲ್ಲಕ್ಕೂ ಒಂದೇ ಬೋರಿನ ನೀರು. ಯಾವ ವಾಲ್ವ್ ತಿರುಗಿಸಿದರೆ ಯಾವ ತಾಕು ನೆನೆಯುತ್ತದೆ ಎಂಬುದು ಇಪ್ಪತ್ತೆರಡು ವರ್ಷದಿಂದ ಅವನ ಕೈಗೆ ಗೊತ್ತು. ಆದರೂ ಮುಚ್ಚಿದ ವಾಲ್ವನ್ನು ಅವನು ಎರಡು ಸಲ ಹಿಂದಿರುಗಿ ಬಂದು ಮುಟ್ಟಿ ನೋಡುತ್ತಿದ್ದ. ಬಸ್ಸಿನಲ್ಲಿ ಪಕ್ಕದವನು ನಕ್ಕರೆ ಜೇಬು ತಡವಿಕೊಳ್ಳುತ್ತಿದ್ದ. ಮಾತ್ರೆ ಕೊಟ್ಟ ಡಾಕ್ಟರ ಮುಂದೆಯೇ ಮಾತ್ರೆಯ ವಾಸನೆ ನೋಡಿದ ಮಹಾನುಭಾವ. ಅನುಮಾನಂ ಪೆದ್ದರೋಗಂ, ಅನುಮಾನವೇ ದೊಡ್ಡ ರೋಗ ಎಂದು ಆಂಧ್ರದ ಗಡಿಯವರು ಹೇಳುವ ಮಾತು ಹಿರಿಯೂರಿನವರೆಗೂ ನಡೆದು ಬಂದಿದ್ದು ಇವನನ್ನು ನೋಡಲಿಕ್ಕೇ ಇರಬೇಕು.

ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಅವಳಿದ್ದಾಗ ಮನೆಯ ಹಾಲೆಲ್ಲ ಡೈರಿಗೆ ಹೋಗುತ್ತಿತ್ತು. ಮನೆಯವರಿಗೆ ಉಳಿಯುತ್ತಿದ್ದುದು ಟೀಗೆ ನಾಲ್ಕು ಹನಿ, ಉಣ್ಣಲಿಕ್ಕೆ ಮಜ್ಜಿಗೆ. ಹೋದ ವರ್ಷ ಮಗ ಪರಮೇಶನಿಗೆ ಹೊಸದುರ್ಗದ ಕಡೆಯಿಂದ ಅನುಸೂಯಳನ್ನು ತಂದರು. ಅವಳ ಹಿಂದೆಯೇ ತವರಿನಿಂದ ಒಂದು ಎಮ್ಮೆಯೂ ಬಂತು. ಆ ಹುಡುಗಿಯ ಮನೆಯಲ್ಲಿ ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ ಬೆಳಗ್ಗೆ ತಲೆಗೊಂದು ಚೊಂಬು ಹಾಲು ಕುಡಿಯುವವರು.

ಶ್ರಾವಣದಲ್ಲಿ ಮುರುಗಪ್ಪ ಸೈಕಲ್ಲಿನಿಂದ ಬಿದ್ದು ಎಡ ಮುಂಗೈ ಮುರಿದುಕೊಂಡ. ಹಾಲು ಕುಡಿಯಬೇಕು, ಮೂಳೆ ಕೂಡುತ್ತದೆ ಎಂದರು ಡಾಕ್ಟರು. ಅನುಸೂಯ ಮರುದಿನದಿಂದಲೇ ದೊಡ್ಡ ಲೋಟದ ತುಂಬ ಬೆಲ್ಲ ಹಾಕಿದ ಹಾಲು ತಂದು ನಿಂತಳು.

"ಕುಡೀರಿ ಮಾವ. ಕೆನೆ ತೆಗ್ದಿಲ್ಲ."

ಕುಡಿದ. ತಾಕಿಗೆ ಹೋಗಿ ಬಲಗೈಯಿಂದ ಎರಡನೇ ವಾಲ್ವ್ ತಿರುಗಿಸುವಷ್ಟರಲ್ಲಿ ಹೊಟ್ಟೆಯೊಳಗೆ ಗುಡುಗುಡು ಶುರುವಾಯಿತು, ಆಮೇಲೆ ತಿರುಚಿದಂಥ ನೋವು, ಆಮೇಲೆ ಬೇಲಿಯ ಕಡೆ ಓಟ. ಮರುದಿನವೂ ಹಾಗೇ. ಮೂರನೇ ದಿನ ಲೋಟದ ತಳವನ್ನು ಬೆಳಕಿಗೆ ಹಿಡಿದು ನೋಡಿದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನೆನಪಾದದ್ದು ಆಗಲೇ.

ಸೊಸೆ ಅದೇ ಹಾಲನ್ನು ಒಂದು ಲೋಟ ಗಟಗಟ ಕುಡಿದು ಕಸಬರಿಕೆ ಹಿಡಿದಳು. ಅವಳಿಗೇನೂ ಆಗಲಿಲ್ಲ. ಹಾಗಾದರೆ ನನ್ನ ಲೋಟದಲ್ಲೇ ಏನೋ ಇದೆ ಎಂದುಕೊಂಡ. ಅವಳು ಮದುವೆಯೊಂದಕ್ಕೆ ಹೋದ ದಿನ ಇವನು ಹಾಲು ಕುಡಿಯಲಿಲ್ಲ, ಹೊಟ್ಟೆ ತಣ್ಣಗಿತ್ತು. ಸಾಕ್ಷಿ ಇನ್ನೇನು ಬೇಕು? ಅದೇ ಎಮ್ಮೆಯ ಮಜ್ಜಿಗೆ ಉಂಡರೆ ಏನೂ ಆಗುತ್ತಿರಲಿಲ್ಲವಲ್ಲ ಎಂದು ಮನಸ್ಸೊಮ್ಮೆ ಅಡ್ಡ ಬಂತು. ಮಜ್ಜಿಗೆಯನ್ನು ಗಂಡನೂ ಕುಡಿಯುತ್ತಾನೆ, ಅದಕ್ಕೆ ಹೇಗೆ ಹಾಕುತ್ತಾಳೆ ಎಂದು ಅದಕ್ಕೂ ಉತ್ತರ ಕೊಟ್ಟುಕೊಂಡ. ಅನುಮಾನಕ್ಕೆ ಹಸಿವು ಹೆಚ್ಚು, ಏನು ಹಾಕಿದರೂ ತಿನ್ನುತ್ತದೆ.

ಈ ಕಡೆ ಮದ್ದು ಎಂದರೆ ಅಂಗಡಿಯ ಔಷಧಿಯಲ್ಲ. ಒಬ್ಬರನ್ನು ಕೈವಶ ಮಾಡಿಕೊಳ್ಳಲು ಅನ್ನದಲ್ಲೋ ಹಾಲಿನಲ್ಲೋ ಕಲಸಿ ಕೊಡುವ ವಸ್ತು. ಅದು ಹೊಟ್ಟೆಯಲ್ಲಿ ಕೂತರೆ ಮನುಷ್ಯ ಸೊರಗುತ್ತಾನೆ, ಕೊಟ್ಟವರು ಹೇಳಿದಂತೆ ಕುಣಿಯುತ್ತಾನೆ ಎಂದು ನಂಬಿಕೆ. ಅದನ್ನು ತೆಗೆಯುವವರೂ ಇದ್ದಾರೆ. ಬೇಡವೆಂದರೆ ಸೊಸೆಗೆ ಗೊತ್ತಾದೀತೆಂದು ಮುರುಗಪ್ಪ ಒಂದು ಬೆಳಗ್ಗೆ ಎಂದಿನಂತೆ ಹಾಲು ಕುಡಿದವನೇ ಫಾರಂಗೆ ರಜೆ ಹಾಕಿ ಹೊಳಲ್ಕೆರೆಯ ಬಸ್ಸು ಹತ್ತಿದ.

ಮದ್ದು ತೆಗೆಯುವ ಹುಲಿಗೆಮ್ಮ ಅವನ ಕಣ್ಣುರೆಪ್ಪೆ ಬಿಡಿಸಿ ನೋಡಿ, ಹುಳಿಹುಳಿಯಾದ ಹಸಿರು ರಸ ಕುಡಿಸಿದಳು. ಅವನು ಕರುಳು ಕಿತ್ತು ಬರುವಂತೆ ವಾಂತಿ ಮಾಡಿದ. ಹುಲಿಗೆಮ್ಮ ಅದರಲ್ಲಿದ್ದ ಬಿಳಿಯ ಗಡ್ಡೆಯೊಂದನ್ನು ಕಡ್ಡಿಯಿಂದ ಆರಿಸಿ ತೋರಿಸಿದಳು.

"ನೋಡಪ್ಪ, ಇದೇ ಮದ್ದು. ಮನೆಯಾಗಿನ ಹೆಣ್ಣಿನ ಕೈಯಿಂದ ಬಿದ್ದೈತೆ. ಹೊಸದು."

ಹೆಸರನ್ನು ಅವಳು ಹೇಳಲಿಲ್ಲ, ಇವನು ಕೇಳಲೂ ಇಲ್ಲ. ಮನೆಯಲ್ಲಿದ್ದದ್ದು ಒಂದೇ ಹೆಣ್ಣು.

ಮಗನಿಗೆ ಹೇಳುವ ಧೈರ್ಯವಾಗಲಿಲ್ಲ. ಪಕ್ಕದ ಮನೆಯ ಗಂಗಕ್ಕನಿಗೆ ಮಾತ್ರ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿ ಹೇಳಿದ. ಗಂಗಕ್ಕನೂ ಆಣೆ ಹಾಕಿಸಿಯೇ ಹತ್ತು ಮನೆಗೆ ಹೇಳಿದಳು. ಎಂಟು ದಿನಕ್ಕೆ ಬೀದಿಯಲ್ಲೊಂದು ನಾಮಕರಣ. ಅನುಸೂಯ ಎಲ್ಲ ಹೆಣ್ಣುಮಕ್ಕಳಂತೆ ಸೆರಗು ಸಿಕ್ಕಿಸಿ ಪಾಯಸದ ಪಾತ್ರೆ ಹಿಡಿದು ಬಡಿಸಲು ಇಳಿದಳು. ಮೊದಲನೆಯವಳು ಎಲೆಯ ಮೇಲೆ ಕೈ ಅಡ್ಡ ಹಿಡಿದಳು. ಸಾಕಾಗಿರಬೇಕು ಎಂದುಕೊಂಡು ಅವಳು ಮುಂದೆ ಹೋದಳು. ಎರಡನೆಯವಳೂ ಅಡ್ಡ ಹಿಡಿದಳು, ಮೂರನೆಯವಳೂ ಹಿಡಿದಳು. ಪಂಕ್ತಿಯ ಕೊನೆಯವರೆಗೂ ಕೈಗಳು ಎಲೆ ಮುಚ್ಚಿಕೊಂಡು ಕೂತಿದ್ದವು. ಕೊನೆಯಲ್ಲೊಂದು ಮಗು ಎಲೆ ಮುಂದೆ ತಳ್ಳಿದ್ದಕ್ಕೆ ಅದರ ತಾಯಿ ಕೈಮೇಲೆ ಪಟ್ಟನೆ ಹೊಡೆದು ಹಿಂದಕ್ಕೆ ಎಳೆದಳು. ಆಗ ಅನುಸೂಯಳಿಗೆ ಅರ್ಥವಾಯಿತು.

ಅವಳು ಅತ್ತಿದ್ದನ್ನು ಯಾರೂ ನೋಡಲಿಲ್ಲ. ಮನೆಗೆ ಬಂದು ಎಮ್ಮೆಗೆ ಮೇವು ಹಾಕಿ, ಬಟ್ಟೆ ಕಟ್ಟಿಕೊಂಡು, ಮರುದಿನ ಮೊದಲ ಬಸ್ಸಿಗೆ ತವರಿಗೆ ಹೋದಳು. ಪರಮೇಶ ಅಪ್ಪನ ಮುಂದೆ ಬಂದು ನಿಂತ.

"ಊರೆಲ್ಲ ಹಬ್ಬಿಸಿದ್ದು ನೀನೇನಪ್ಪ?"

ಮುರುಗಪ್ಪ ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋದ.

ಫಾರಂನಲ್ಲಿ ಸುಚಿತ್ರಾ ಮೇಡಂ ಇದ್ದರು. ಮಣ್ಣಿನ ಸೂಕ್ಷ್ಮಜೀವಿಗಳ ಲ್ಯಾಬು ಅವರದು, ಅಲ್ಲಿ ಓದುವ ಮಕ್ಕಳಿಗೆ ಪಾಠವನ್ನೂ ಮಾಡುತ್ತಿದ್ದರು. ಲ್ಯಾಬಿನ ನಲ್ಲಿ ಸರಿಮಾಡಲು ಬಂದ ಮುರುಗಪ್ಪ ಟೀ ಕೊಟ್ಟರೆ ಬೇಡವೆಂದ. ಯಾಕೆಂದು ಕೇಳಿದಾಗ, ಯಾರ ಹತ್ತಿರವಾದರೂ ಇಳಿಸಿಕೊಳ್ಳಬೇಕಿತ್ತೇನೋ, ಎಲ್ಲ ಹೇಳಿಬಿಟ್ಟ. ಅವರು ನಗಲಿಲ್ಲ. ಕ್ಯಾಂಟೀನಿನಿಂದ ಪ್ಯಾಕೆಟ್ ಹಾಲು ತರಿಸಿದರು.

"ನೀವೇ ಕತ್ತರಿಸಿ, ನೀವೇ ಕಾಯಿಸಿ, ನೀವೇ ಕುಡೀರಿ. ನಾನು ಮುಟ್ಟೋದಿಲ್ಲ."

ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ, ತೂತಿಲ್ಲವೆಂದು ಖಾತ್ರಿ ಮಾಡಿಕೊಂಡು, ಇಡೀ ಅರ್ಧ ಲೀಟರ್ ಕುಡಿದ. ಒಂದು ಗಂಟೆಗೆ ಅದೇ ಗುಡುಗುಡು, ಅದೇ ನೋವು, ಅದೇ ಓಟ. ಮುಖ ತೊಳೆದುಕೊಂಡು ಬಂದು ಕೂತಾಗ ಅವನ ಕಣ್ಣಲ್ಲಿ ಮೊದಲ ಸಲ ಬೇರೆ ಥರದ ಹೆದರಿಕೆಯಿತ್ತು.

ಮೇಡಂ ಎರಡು ಗಾಜಿನ ನಳಿಕೆ ತಂದಿಟ್ಟರು. ಎರಡರಲ್ಲೂ ಒಂದೇ ಬ್ಯಾಕ್ಟೀರಿಯಾ. ಒಂದನ್ನು ಗ್ಲೂಕೋಸ್ ಕೊಟ್ಟು ಬೆಳೆಸಿದ್ದರು, ಇನ್ನೊಂದನ್ನು ಹಾಲಿನಲ್ಲಿರುವ ಸಕ್ಕರೆ ಕೊಟ್ಟು. ಬಣ್ಣವಿಲ್ಲದ ಒಂದು ದ್ರವವನ್ನು ಅವನ ಕೈಯಿಂದಲೇ ಎರಡಕ್ಕೂ ಹನಿಸಿದರು. ಸ್ವಲ್ಪ ಹೊತ್ತಿಗೆ ಎರಡನೆಯದು ಹಳದಿಯಾಯಿತು, ಮೊದಲನೆಯದು ಹಾಗೇ ಉಳಿಯಿತು.

"ಇದ್ರಾಗೆ ಮೊದ್ಲೇ ಏನೋ ಹಾಕಿದೀರಿ," ಎಂದ ಮುರುಗಪ್ಪ.

"ಹಾಕಿಲ್ಲ. ಹಾಲಿನ ಸಕ್ಕರೆ ಕತ್ತರಿಸೋಕೆ ಒಂದು ಕತ್ತರಿ ಬೇಕು. ಅದನ್ನ ಹೆಂಗೆ ಮಾಡೋದು ಅನ್ನೋ ಬರಹ ಎರಡು ನಳಿಕೆಯ ಜೀವಿಗಳ ಒಳಗೂ ಇದೆ. ಆದ್ರೆ ಗ್ಲೂಕೋಸ್ ಸಿಗ್ತಾ ಇರೋ ತನಕ ಅವು ಆ ಬರಹನ ನಿಮ್ಮ ವಾಲ್ವ್ ಥರ ಮುಚ್ಚೇ ಇಟ್ಟಿರ್ತವೆ. ಸುಮ್ನೆ ಯಾಕೆ ಕತ್ತರಿ ಮಾಡೋದು? ಗ್ಲೂಕೋಸ್ ಮುಗಿದು ಹಾಲಿನ ಸಕ್ಕರೆ ಮಾತ್ರ ಉಳಿದ್ರೆ ಆಗ ತೆಗೀತವೆ. ಕತ್ತರಿ ಇರೋ ಕಡೆ ಹಳದಿ ಬರುತ್ತೆ."

ವಾಲ್ವ್ ಎಂದ ಕೂಡಲೇ ಮುರುಗಪ್ಪ ನೆಟ್ಟಗೆ ಕೂತ.

"ನಮ್ಮ ಹೊಟ್ಟೆಯಾಗೂ ಐತಾ ಆ ಕತ್ತರಿ?"

"ಎಲ್ಲ ಕೂಸಿಗೂ ಇರುತ್ತೆ. ಮೊಲೆ ಬಿಟ್ಟ ಮೇಲೆ ತುಂಬಾ ಜನಕ್ಕೆ ಅದರ ವಾಲ್ವ್ ನಿಧಾನಕ್ಕೆ ಮುಚ್ಚಿಕೊಳ್ಳುತ್ತೆ. ಕೆಲವು ಮನೆತನದಲ್ಲಿ ಮುಚ್ಚೋದೇ ಇಲ್ಲ, ಹಿಂದಿನಿಂದ ದನ ಎಮ್ಮೆ ಸಾಕಿ ಹಾಲು ಕುಡಿದವರಲ್ಲಿ ಅದು ಜಾಸ್ತಿ. ನಿಮ್ಮ ಸೊಸೆದು ತೆಗೆದೇ ಇದೆ. ನಿಮ್ಮದು ಮುಚ್ಚಿದೆ. ಕತ್ತರಿಸದೆ ಉಳಿದ ಸಕ್ಕರೆ ಕೆಳಗಿಳಿದು ಹುಳಿತು ಗಾಳಿಯಾಗುತ್ತೆ, ನೀರು ಎಳೆಯುತ್ತೆ. ಮಜ್ಜಿಗೆಯಲ್ಲಿ ಆ ಸಕ್ಕರೆಯ ಒಂದಷ್ಟನ್ನ ಬ್ಯಾಕ್ಟೀರಿಯಾಗಳು ಮೊದಲೇ ತಿಂದಿರ್ತವೆ."

"ದಿನಾ ಕುಡುದ್ರೆ ವಾಲ್ವ್ ತೆಗ್ಕಳಲ್ವಾ?"

"ಬ್ಯಾಕ್ಟೀರಿಯಾ ಆಗಿದ್ರೆ ತೆಗೀತಿತ್ತು. ನಮ್ಮ ದೇಹ ಹಾಗಲ್ಲ. ವಯಸ್ಸು ಮುಚ್ಚಿದ್ದನ್ನ ಹಾಲು ತೆಗೆಯೋದಿಲ್ಲ."

ಮುರುಗಪ್ಪ ಹಳದಿ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿದ. ಹೊಳಲ್ಕೆರೆಯಲ್ಲಿ ಕಂಡ ಬಿಳಿಯ ಗಡ್ಡೆ, ಅವತ್ತು ಬೆಳಗ್ಗೆ ಕುಡಿದ ಹಾಲು ಹುಳಿ ರಸಕ್ಕೆ ಒಡೆದದ್ದು ಎಂದು ಯಾರೂ ಹೇಳದೆಯೇ ಹೊಳೆಯಿತು. ಒಂದು ಹೆಣ್ಣಿನ ಬಾಳನ್ನು ತನ್ನ ಹೊಟ್ಟೆನೋವಿಗೆ ಬಲಿ ಕೊಟ್ಟೆನಲ್ಲ ಎಂದು ಸಂಕಟವಾಯಿತು.

ಭಾನುವಾರ ಹೊಸದುರ್ಗದ ಕಡೆ ಹೋಗಿ ಸೊಸೆಯ ಮುಂದೆ ಎಲ್ಲ ಹೇಳಿದ. ಅನುಸೂಯ ಬಾಗಿಲಲ್ಲಿ ನಿಂತೇ ಕೇಳಿದಳು.

"ನಂಗೆ ಯಾಕೆ ಹೇಳ್ತೀರಿ ಮಾವ? ನಾನು ಹಾಕಿಲ್ಲ ಅನ್ನೋದು ನಂಗೆ ಗೊತ್ತೈತೆ. ಎಲೆ ಮುಚ್ಚಿದೋರಿಗೆ ಹೇಳ್ರಿ. ಅವ್ರು ನನ್ನ ಕೈಲಿ ನೀರು ಇಸ್ಕಂಡು ಕುಡೀತೀವಿ ಅಂದ ದಿನ ಬರ್ತೀನಿ."

ಮುರುಗಪ್ಪ ಅದೇ ಸಂಜೆ ಬೀದಿಯ ಹೆಣ್ಣು ಗಂಡುಗಳನ್ನೆಲ್ಲ ಮಾರಮ್ಮನ ಕಟ್ಟೆಗೆ ಕರೆದ. ವಾಲ್ವಿನ ಕಥೆ ಹೇಳಿದ, ಪ್ಯಾಕೆಟ್ ಹಾಲಿನ ಕಥೆ ಹೇಳಿದ, ಹಳದಿ ನೀರಿನ ಕಥೆ ಹೇಳಿದ. ಸುಳ್ಳು ಹೇಳಿದ ಬಾಯಿ ನನ್ನದು, ಆ ಮಗಳದೇನೂ ತಪ್ಪಿಲ್ಲ ಎಂದು ಕೈಮುಗಿದ. ಜೀವಮಾನದಲ್ಲಿ ಒಬ್ಬರ ಪರವಾಗಿ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಅವನನ್ನು ನೋಡಿದರು. ದಿನಗಟ್ಟಲೆ ತಾನು ಹಾಲಿನ ಲೋಟವನ್ನು ನೋಡಿದ್ದೂ ಹೀಗೆಯೇ ಎಂದು ಮುರುಗಪ್ಪನಿಗೆ ಗುರುತು ಸಿಕ್ಕಿತು. ಎಲ್ಲರೂ ಎದ್ದ ಮೇಲೆ ಗಂಗಕ್ಕ ಹತ್ತಿರ ಬಂದು ನಿಜವಾದ ಮರುಕದಿಂದಲೇ ಹೇಳಿದಳು.

"ಮುರುಗಪ್ಪಣ್ಣ, ಹದಿನೈದು ದಿನದ ಹಿಂದೆ ಹಂಗಂದೋನು ಈಗ ಸೊಸೆ ಕಡೀಗೆ ಹಿಂಗೆ ಮಾತಾಡ್ತೀಯ ಅಂದ್ರೆ, ಅದು ನಿನ್ನ ಮಾತಲ್ಲ ಕಣಪ್ಪ. ಒಳಗಿರೋ ಮದ್ದು ಆಡುಸ್ತೈತೆ. ಇನ್ನೊಂದ್ಸಲ ಹೊಳಲ್ಕೆರೆಗೆ ಹೋಗಾಣ ನಡಿ, ಪೂರ್ತಿ ತೆಗುಸ್ಕಂಡು ಬರಾಣ."

ಇನ್ನು ತಾನು ಆಡುವ ಒಂದೊಂದು ಮಾತೂ ಸೊಸೆಯ ವಿರುದ್ಧ ಒಂದೊಂದು ಸಾಕ್ಷಿ ಎಂದು ಮುರುಗಪ್ಪನಿಗೆ ತಿಳಿದುಹೋಯಿತು. ಮನೆಗೆ ಬಂದು ಮಗನ ಫೋನಿನಿಂದ ಸೊಸೆಗೆ ಕರೆ ಮಾಡಿದ.

"ಏನಂದ್ರು ಮಾವ?"

"ನಂಗಿನ್ನೂ ಮದ್ದು ಇಳಿದಿಲ್ವಂತೆ ಕಣಮ್ಮ."

ಆ ಕಡೆ ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು.

"ನೀವಾದ್ರೂ ನಂಬಿದ್ರಲ್ಲ, ಸಾಕು ಅನ್ನಬೇಕು ಅಂತೀನಿ ಮಾವ," ಎಂದಳು ಅನುಸೂಯ. "ಬಾಯಿ ಬರ್ತಿಲ್ಲ."