ಒಡೆಯಲೆಂದೇ ಒಯ್ದ ಟಿವಿ

ಬೆಟಗೇರಿಯ ನನ್ನ ಗುಜರಿ ಅಂಗಡಿಗೆ ಮದುವೆ ವಿಡಿಯೋ ತೆಗೆಯುವವರೊಬ್ಬರು ಬರುತ್ತಿದ್ದರು. ಬಂದರೆ ಬೆರಳುಗಳಿಂದ ಚೌಕಟ್ಟು ಮಾಡಿ, ಅದರೊಳಗಿಂದಲೇ ಸಾಮಾನು ನೋಡುತ್ತಿದ್ದರು. ನಮ್ಮ ಜಿಲ್ಲೆಯಾಗಿ ಆಗಿನ್ನೂ ಹೊಸದು. ಅವರ ತಲೆಯ ತುಂಬ ಕೇಬಲ್‌ ಟಿವಿಯಲ್ಲಿ ಕಂಡ ಪಾಪ್ ಪಂಕ್, ಅಂದರೆ ಹುಡುಗರು ಗಿಟಾರ್ ಬಾರಿಸುತ್ತ ಸಿಟ್ಟಿನಿಂದ ಕೂಗುವ ಇಂಗ್ಲಿಷ್ ಹಾಡುಗಳು. ಅಂಥ ಹಾಡಿನಲ್ಲಿ ಸೋಫಾ ಅಂಗಳಕ್ಕೆ ಬರಬೇಕಂತೆ, ಕೊನೆಗೆ ಟಿವಿ ಒಡೆಯಬೇಕಂತೆ.

"ಟಿವಿ ಅಂದ್ರ ಹಿರ್ಯಾರ ಉಪದೇಶ ಇದ್ದಂಗ್ರಿ. ಸಿಟ್ಟು ಕಾಣಬೇಕ್ರಿ, ಸಿಟ್ಟು!" ಎಂದರು.

ಒಡೆಯುವುದಕ್ಕೆ ಒಳ್ಳೆಯದೇಕೆ? ಕೆಟ್ಟು ನಿಂತದ್ದನ್ನೇ ಕೊಟ್ಟೆ. ಗಿರಾಕಿಯ ಗರಜು ನೋಡಿಯೇ ಸಾಮಾನು ಕೊಡಬೇಕು.

ಮದುವೆ ವಿಡಿಯೋ ಬಿಟ್ಟರೆ ಅವರು ತೆಗೆದ ಮೊದಲ ಹಾಡು ಅದು; ನೋಡಲು ನಾನೂ ಹೋಗಿದ್ದೆ. ಇದ್ದದ್ದು ಒಂದೇ ಟಿವಿ. ಹಾಡುವವಳು ಶಿರಹಟ್ಟಿ ಕಡೆಯ ಕಲ್ಲು ಒಡೆಯುವವನ ಮಗಳು. ಸುತ್ತಿಗೆ ಎತ್ತಿದವಳೇ ಅದನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಹೊಡೆದಳು. ಗಾಜು ಪುಡಿಪುಡಿಯಾಯಿತು.

"ತಪ್ಪಾತ್ರಿ ಅಣ್ಣಾರ! ಕೆಲಸಾ ಶುರು ಮಾಡೂ ಮುಂದ ನಮ್ಮಪ್ಪ ಹಂಗ ಮಾಡ್ತಾನ್ರಿ, ಕೈ ತಾನ ಹೋತು," ಎಂದು ಅಳುಮೋರೆ ಮಾಡಿದಳು.

"ಆ ತುಂಡು ತಗದ ಹಾಕ್ರಿ. ಸಿಟ್ಟಿನ ಹಾಡಿನ್ಯಾಗ ನಮಸ್ಕಾರ ನಡ್ಯೂದಿಲ್ಲ," ಎಂದು ನಾನು ಬುದ್ಧಿ ಹೇಳಿದೆ.

ವಿಡಿಯೋದವರು ಆ ತುಂಡನ್ನು ಕ್ಯಾಮೆರಾದಲ್ಲಿ ಮತ್ತೆ ಮತ್ತೆ ನೋಡಿ ನಕ್ಕರು.

"ಇರ್ಲಿ ಬಿಡ್ರಿ. ಸಿಟ್ಟು ಎಲ್ಲಾರ ಕಡೆ ಐತಿ. ಇದನ್ನ ನಾ ಯಾರ ಹಾಡಿನ್ಯಾಗೂ ನೋಡಿಲ್ಲ. ತಂಗಿ, ಮುಂದಿನ ಹಾಡಿಗೂ ನೀನ ಬರಬೇಕು."

ಆ ಮುಂದಿನ ಹಾಡಿಗೆ ಏನೇನು ಸಾಮಾನು ಬೇಕೆಂದು ನಾನು ಅಲ್ಲೇ ಕೇಳಿಟ್ಟುಕೊಂಡೆ.