ಗಾಲಿ ನೆಲ ಮುಟ್ಟದ ಸೈಕಲ್ಲು

ನಮ್ಮಪ್ಪ ಅವ್ವನನ್ನು ಒಂದೇ ಸಲ ನೋಡಿ ಒಪ್ಪಿದನಂತೆ. ಟೇಪ್ ರೆಕಾರ್ಡರಿಗೆ ಮಾತ್ರ ಒಂದು ಇಡೀ ಬೇಸಿಗೆ ಕೊಳ್ಳೇಗಾಲದ ಅಂಗಡಿಗಳನ್ನು ಅಲೆದ. ಎಂಬತ್ತರ ದಶಕದ ಮಾತು. ಅಂಗಡಿಯವನು ಹಾಕಿದ ಕ್ಯಾಸೆಟ್ಟನ್ನು ಕಣ್ಣು ಮುಚ್ಚಿ ಪೂರ್ತಿ ಕೇಳಿ, 'ನಾಳೆ ಬತ್ತೀನಿ' ಎಂದು ಎದ್ದು ಬರುವನು. ಕೊನೆಗೆ ರೇಡಿಯೋವೂ ಇರುವ, ಎರಡು ಸ್ಪೀಕರಿನ ಒಂದನ್ನು ತಂದು, ಅವ್ವನ ಕೈಲಿ ಅರಿಶಿನ ಕುಂಕುಮ ಹಚ್ಚಿಸಿ, ಕಸೂತಿ ಬಟ್ಟೆ ಹೊದಿಸಿ ಇಟ್ಟ. ಆ ಬಟ್ಟೆ ತೆಗೆಯುವ ಅಧಿಕಾರ ಅವನೊಬ್ಬನದೇ.

ಒಂದು ವರ್ಷ ರಾಗಿ ತೆನೆ ಕಟ್ಟುವ ಹೊತ್ತಿಗೆ ಅದನ್ನು ನನ್ನ ಸೋದರಮಾವ ಎರವಲು ಕೇಳಿದ. ಅವ್ವನ ಒಬ್ಬನೇ ತಮ್ಮ. ಲೊಕ್ಕನಹಳ್ಳಿಯ ಕಾಡಂಚಿನಲ್ಲಿ ಅವನ ಹೊಲ. ಮನುಷ್ಯರ ದನಿ ಕೇಳಿದರೆ ಹಂದಿ ಹತ್ತಿರ ಸುಳಿಯುವುದಿಲ್ಲವೆಂದು ಅಲ್ಲಿ ಕಾವಲಿನ ಅಟ್ಟಣೆಯ ಮೇಲೆ ಹಾಡು ಹಾಕುವುದು ವಾಡಿಕೆ. ಅವ್ವನ ಮುಖ ನೋಡಿ ಅಪ್ಪ ಕೊಟ್ಟ. ಆದರೆ ಬಂದದ್ದು ಹಂದಿಯಲ್ಲ, ಆನೆ. ಆನೆಗೆ ಹಾಡು ಹಿಡಿಸಲಿಲ್ಲ. ಮಾವ ಅಟ್ಟಣೆಯಿಂದ ಧುಮುಕಿ ಓಡಿ ಬದುಕಿಕೊಂಡ. ಅಟ್ಟಣೆಯೂ ಟೇಪೂ ಪುಡಿಯಾದವು.

ಬೆಳಿಗ್ಗೆ ಮೊದಲ ಬಸ್ಸಿಗೆ ಅವನು ಚೂರುಗಳನ್ನು ಚೀಲದಲ್ಲಿ ತುಂಬಿಕೊಂಡು ನಮ್ಮ ಮನೆಗೆ ಬಂದ. ನಡೆದದ್ದನ್ನೆಲ್ಲ ಬಾಗಿಲಲ್ಲೇ ನಿಂತು ಹೇಳಿದ. ಅಪ್ಪ ಚೀಲದೊಳಗೆ ಬಗ್ಗಿ ನೋಡಿ, "ಸ್ಪೀಕರಾದ್ರೂ ಉಳೀತಾ?" ಎಂದ. ಮಾವ ಚೀಲ ಕೆಳಗಿಟ್ಟು, ಕಾಫಿಯನ್ನೂ ಕುಡಿಯದೆ ಹೊರಟುಹೋದ. ಆಮೇಲೆ ಬರಲಿಲ್ಲ.

"ನನ್ ತಮ್ಮ ಬದುಕುದ್ನಾ ಅಂತ ಕೇಳ್ನಿಲ್ಲ, ಸ್ಪೀಕರ್ ಬದುಕ್ತಾ ಅಂತ ಕೇಳುದ್ರು," ಎಂದು ಅವ್ವ ಅಪ್ಪನಿಗೆ ಒಂದು ಸಲ ಹೇಳಿದಳು. ಇನ್ನೊಂದು ಸಲ ಹೇಳಲಿಲ್ಲ. ಅಪ್ಪ ಅಮ್ಮ ಇಲ್ಲದವಳಿಗೆ ತಮ್ಮನ ಮನೆಯೇ ತವರು. ಗಂಡನಿಗೆ ಬೇಡವಾದ ಮನೆಗೆ ತಾನಾಗಿ ಹೋಗುವುದಕ್ಕೆ ಅವಳ ಮನಸ್ಸು ಒಪ್ಪಲಿಲ್ಲ. ಗೌರಿ ಹಬ್ಬದಲ್ಲಿ ಬೀದಿಯ ಹೆಂಗಸರಿಗೆಲ್ಲ ತವರಿನಿಂದ ಯಾರಾದರೂ ಬರುವರು. ಅವ್ವ ಬಾಗಿಲಿಗೆ ಬೆನ್ನು ಹಾಕಿ ಅಡಿಗೆ ಮಾಡುವಳು. ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತಿದ್ದದ್ದು ಆ ಒಂದು ದಿನ.

ವರ್ಷಗಳು ಹೋದವು. ನಾನು ಯಳಂದೂರಿನ ಸ್ಕೂಲಿಗೆ ಪಾಠ ಹೇಳಲು ದಿನಾ ಬಸ್ಸಿನಲ್ಲಿ ಹೋಗಿಬರತೊಡಗಿದ್ದೆ. ಎರಡು ಸಾವಿರದ ಇಸವಿ ಕಳೆದ ಮೇಲೆ ಅವ್ವನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಕಾಲಿನ ಹೆಬ್ಬೆರಳ ಪಕ್ಕದ ಹುಣ್ಣು ಮಾಯಲೊಲ್ಲದು. ದಿನಾ ನಡೆದು ಸಕ್ಕರೆ ಇಳಿಸದಿದ್ದರೆ ಬೆರಳು ಉಳಿಯುವುದಿಲ್ಲ ಎಂದರು ಡಾಕ್ಟರು.

ನಮ್ಮ ಕಡೆ ಸುಮ್ಮನೆ ನಡೆಯುವುದು ಸುಲಭವಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಅಪಶಕುನ. ಅದಕ್ಕೆ ಎದುರಾದವರೆಲ್ಲ "ದೂರಾನಾ ಅಕ್ಕ?" ಎನ್ನುತ್ತಾರೆ. ಕೇಳಿದ ಮೇಲೆ ಒಂದು ಊರನ್ನೋ ಅಂಗಡಿಯನ್ನೋ ಹೇಳಬೇಕು. ಎಲ್ಲಿಗೂ ಇಲ್ಲ ಎನ್ನಲು ಅವ್ವನಿಗೆ ನಾಚಿಕೆ. "ಕೊತ್ಮಿರಿ ಸೊಪ್ಗೆ" ಎಂದುಬಿಡುವಳು; ಹೇಳಿದ ತಪ್ಪಿಗೆ ಕೊಂಡೂ ತರುವಳು. ಮನೆಯಲ್ಲಿ ಮೂರು ಹೊತ್ತೂ ಕೊತ್ತಂಬರಿ ಚಟ್ನಿಯಾದಾಗ ಅಪ್ಪ ಮತ್ತೆ ಅಂಗಡಿ ಅಲೆಯಲು ಹೊರಟ.

ಈ ಸಲ ಎರಡು ಸಾಮಾನು: ಒಂದು ಕಲರ್ ಟಿವಿ, ಅದರ ಮುಂದೆ ಹಾಕಿಕೊಂಡು ತುಳಿಯಲು ನಿಂತಲ್ಲೇ ನಿಲ್ಲುವ ವ್ಯಾಯಾಮದ ಸೈಕಲ್ಲು. ಟಿವಿಯನ್ನು ಬೇಗ ಆರಿಸಿದ. ಸೈಕಲ್ಲಿಗೆ ಮೈಸೂರಿನವರೆಗೆ ಹೋದ. ಹ್ಯಾಂಡಲಿನ ನಡುವೆ ಮೀಟರು ಇರಬೇಕು, ಅದು ಕರೆಂಟಿಲ್ಲದೆ ಸೆಲ್ಲಿನಲ್ಲಿ ನಡೆಯಬೇಕು, ತುಳಿದ ದೂರ ನಿಲ್ಲಿಸಿದರೂ ಅಳಿಸಿಹೋಗಬಾರದು ಎಂದೆಲ್ಲ ಹಟ. ಅಂಥದ್ದೇ ಸಿಕ್ಕಿತು. ಅವ್ವ ಅದಕ್ಕೂ ಕುಂಕುಮವಿಟ್ಟು, ಗಾಲಿಯ ಕೆಳಗೆ ನಿಂಬೆಹಣ್ಣು ಇಡಲು ಹೋಗಿ ತಡೆದು ನಿಂತಳು. ಗಾಲಿ ನೆಲ ಮುಟ್ಟುತ್ತಿರಲಿಲ್ಲ.

"ಈ ಅಂಕಿ ಏನು?" ಎಂದು ಮೀಟರು ತೋರಿಸಿದಳು.

"ಎಷ್ಟು ದೂರ ಓದೆ ಅಂತ."

"ಎಲ್ಲಿಗೆ?"

ಅಪ್ಪ ಈ ಪ್ರಶ್ನೆಯನ್ನು ಅಂಗಡಿಯಲ್ಲಿ ಕೇಳಿರಲಿಲ್ಲ. ಸ್ವಲ್ಪ ಯೋಚಿಸಿ, "ಮಧುವನಹಳ್ಳಿ ಅಂದ್ಕೊ," ಎಂದ.

ಅಷ್ಟು ಸಾಕಾಯಿತು. ನಾಟಿಗೆ ಇಳಿಯುವವರಂತೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಅವ್ವ ಹತ್ತಿ ಕೂತಳು. ಧಾರಾವಾಹಿ ನೋಡುತ್ತಾ ದಿನಾ ಸಂಜೆ ತುಳಿಯುವಳು. ಮೊದಲು ಮಧುವನಹಳ್ಳಿ, ಆಮೇಲೆ ಕಾಮಗೆರೆ. ಎಷ್ಟಕ್ಕೆ ಯಾವ ಊರು ಎಂದು ಅಪ್ಪ ಲೆಕ್ಕ ಹೇಳುವನು. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿ "ದೂರಾನಾ ಅಕ್ಕ?" ಎಂದು ಚುಡಾಯಿಸಿದರೆ, "ಅನೂರ್ ದಾಟ್ಬುಟ್ಟೆ ಕಣವ್ವ," ಎಂದು ಗಂಭೀರವಾಗಿ ಹೇಳುವಳು. ಹುಣ್ಣು ಒಣಗುತ್ತಾ ಬಂತು. ಅಪ್ಪ ತನ್ನ ಆಯ್ಕೆಯ ಬಗ್ಗೆ ಬಂದವರಿಗೆಲ್ಲ ಹೇಳಿಕೊಳ್ಳತೊಡಗಿದ. ಹನೂರು ದಾಟಿದ ಆ ದಾರಿ ಎಲ್ಲಿಗೆ ಹೋಗುತ್ತದೆಂದು ನಾನೂ ಅಪ್ಪನೂ ಯೋಚಿಸಲಿಲ್ಲ.

ಒಂದು ಸಂಜೆ ಅಪ್ಪ ಮೀಟರು ನೋಡಿ, "ಲೊಕ್ಕನಳ್ಳಿ ಬಂತು," ಎಂದ. ಅವ್ವ ತುಳಿಯುವುದನ್ನು ನಿಲ್ಲಿಸಿದಳು. ಇಳಿದು ಕಾಲು ತೊಳೆದುಕೊಂಡು ಬಂದು ಗೋಡೆಗೆ ಒರಗಿ ಕೂತಳು. ಮಾರನೆಯ ಸಂಜೆ ಸೈಕಲ್ಲು ಹತ್ತಲಿಲ್ಲ. ಅದರ ಮಾರನೆಯ ಸಂಜೆಯೂ ಇಲ್ಲ.

"ಮುಂದಕ್ಕಾದ್ರೂ ಓಗು, ಇಲ್ಲ ವಾಪಸ್ಸಾದ್ರೂ ಬಾ," ಎಂದ ಅಪ್ಪ.

"ತವರ್ಗೆ ಓದೋಳು ಮಡ್ಲಕ್ಕಿ ಉಯ್ಯಿಸ್ಕಳ್ದೆ ಬರಗೈಲಿ ಎದ್ದು ಬತ್ತಾಳಾ?"

ತವರಿನಿಂದ ಹೊರಟ ಹೆಣ್ಣಿನ ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ತುಂಬದೆ ಯಾರೂ ಕಳಿಸುವುದಿಲ್ಲ. ಅಪ್ಪನಿಗೆ ನಗು ಬಂತು. "ನಮ್ ಮನೇಲೇ ಕೂತಿದ್ದೀಯಲ್ಲೇ," ಎಂದ. ನಾನೇ ತುಂಬುತ್ತೇನೆ ಎಂದೆ. "ನೀನು ನನ್ ಮಗ್ಳು ಕಣವ್ವ, ತವರಲ್ಲ," ಎಂದಳು ಅವ್ವ. ಹಟವೂ ಇಲ್ಲ, ಕಣ್ಣೀರೂ ಇಲ್ಲ. ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ಕೆಲವು ದಿನಗಳಲ್ಲಿ ಹುಣ್ಣು ಮತ್ತೆ ಒಸರತೊಡಗಿತು. ನನಗೆ ಭಯವಾಯಿತು. ಅದಕ್ಕೆ ಮುಲಾಮು ಹಚ್ಚುವಾಗ ಅಪ್ಪ ನಗುವುದನ್ನು ಬಿಟ್ಟಿದ್ದ.

ಒಂದು ಬೆಳಿಗ್ಗೆ ಅವನು ಗಡ್ಡ ಹೆರೆದು, ಬಿಳಿ ಅಂಗಿ ತೊಟ್ಟು, ಯಾರಿಗೂ ಹೇಳದೆ ಹನೂರಿನ ಬಸ್ಸು ಹತ್ತಿದ. ಲೊಕ್ಕನಹಳ್ಳಿಗೆ ಹೋಗಿ ಏನು ಮಾತಾಡಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಸಂಜೆಯ ಬಸ್ಸಿಗೆ ಮಾವನನ್ನೂ ಅತ್ತೆಯನ್ನೂ ಕರೆದುಕೊಂಡು ಬಂದ. ಮಾವನ ತಲೆ ನರೆತಿತ್ತು, ಮೆಟ್ಟಿಲು ಹತ್ತುವಾಗ ಒಂದು ಕಾಲು ಎಳೆಯುತ್ತಿದ್ದ.

ಅತ್ತೆ ಅವ್ವನನ್ನು ಸೈಕಲ್ಲಿನ ಪಕ್ಕ ಮಣೆಯ ಮೇಲೆ ಕೂರಿಸಿ, ಸೆರಗಿಗೆ ಅಕ್ಕಿ ಹೊಯ್ದು, ಕಾಯಿ, ಬೆಲ್ಲ, ಎಲೆ ಅಡಿಕೆ, ರವಿಕೆ ಕಣ ಇಟ್ಟಳು. ಅವ್ವ ಆಗ ಅತ್ತಳು. ಅಪ್ಪ ಮಾವನ ಎದುರು ನಿಂತೇ ಇದ್ದ.

"ಅವತ್ತು ಅಟ್ಟಣೆಯಿಂದ ಧುಮುಕ್ದೆಯಲ್ಲ," ಎಂದ. "ಏಟಾಯ್ತೇನೋ?"

ಮಾವ ಬಗ್ಗಿ ಮಂಡಿ ಸವರಿಕೊಂಡ. "ಮಂಡಿಗಾಯ್ತು ಕಣ್ ಬಾವ. ಚಳಿ ಬಂದ್ರೆ ಈಗ್ಲೂ ನೋಯ್ತದ."

ಅಪ್ಪ ತಲೆಯಾಡಿಸಿ, ಕುರ್ಚಿ ಎಳೆದು ಅವನನ್ನು ಕೂರಿಸಿದ. ಕಾಫಿಯಾಯಿತು. ಈ ಸಲ ಮಾವ ಲೋಟ ಬರಿದು ಮಾಡಿದ. ಅವ್ವ ಕಣ್ಣೊರೆಸಿಕೊಂಡು, ಅಕ್ಕಿಯನ್ನು ಸೆರಗಿನಲ್ಲೇ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿ, ಸೈಕಲ್ಲು ಹತ್ತಿದಳು. ತನ್ನ ಮನೆಯ ನಡುವೆ, ತನ್ನ ಕುರ್ಚಿಯಲ್ಲಿ ಕೂತಿದ್ದ ತಮ್ಮನ ಕಡೆ ತಿರುಗಿ, "ಓಗ್ಬುಟ್ ಬತ್ತೀನಿ ಕಣಪ್ಪ," ಎಂದಳು.

"ಉಷಾರಾಗ್ ಓಗು ಅಕ್ಕ," ಎಂದ ಮಾವ. "ಗೌರಿ ಅಬ್ಬಕ್ ನಾನೇ ಬತ್ತೀನಿ."

ಅವ್ವ ತುಳಿಯತೊಡಗಿದಳು. ಧಾರಾವಾಹಿಯ ಹೊತ್ತು ಮೀರಿತ್ತು, ಟಿವಿ ಹಾಕುವುದು ಯಾರಿಗೂ ನೆನಪಾಗಲಿಲ್ಲ.