ಭವಾನಿ ಇಲ್ಲದ ಪುಸ್ತಕ

ನಮ್ಮ ಫ್ಲ್ಯಾಟಿನಲ್ಲಿ ಯಾರೂ ಸೇದಬಾರದೆಂದು ಕೆಳಗೆ ಬೋರ್ಡು ಹಾಕಿದ್ದಾರೆ. ವಾಚ್‌ಮನ್ ಆ ಬೋರ್ಡಿಗೆ ಒರಗಿಕೊಂಡೇ ಬೀಡಿ ಸೇದುತ್ತಾನೆ. ಹೊಗೆ ಬೇರೆಲ್ಲೂ ಹೋಗುವುದಿಲ್ಲ, ನೇರ ನಮ್ಮ ಅಡುಗೆಮನೆಯ ಕಿಟಕಿಗೆ ಬರುತ್ತದೆ. ಮಗಳು ಸುಜಾತ ಮೂಗು ಮುಚ್ಚಿಕೊಂಡು ಕಿಟಕಿ ಹಾಕುತ್ತಾಳೆ, ಅವಳು ಬ್ಯಾಂಕಿಗೆ ಹೋದ ಕೂಡಲೇ ನಾನು ತೆಗೆಯುತ್ತೇನೆ. ಹೊಗೆ ನನಗೂ ಬೇಡ. ಆದರೆ ಹೊಗೆಯ ಹಿಂದೆ ಎಲೆಯ ವಾಸನೆ ಒಂದು ಉಂಟಲ್ಲ, ನೀರಲ್ಲಿ ನೆನೆಸಿ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಯದ್ದು, ಅದು ಬಂದರೆ ನನ್ನ ಬೆರಳುಗಳು ತಾವಾಗಿಯೇ ಸುರುಟಿಕೊಳ್ಳುತ್ತವೆ. ಬೀಡಿ ಕಟ್ಟಿದ ಬೆರಳು ಅಲ್ಲವಾ.

ಹೋದ ತಿಂಗಳು ಒಂದು ದಿನವೂ ಹಾಗೆಯೇ ಆಯಿತು. ಕೊಚ್ಚಿ ಬದಿಯ ತ್ರಿಪ್ಪುಣಿತ್ತುರದ ಈ ನಾಲ್ಕನೇ ಮಾಳಿಗೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತ ಕೂತಿದ್ದೆ, ವಾಸನೆ ಬಂತು, ಬಾಲ್ಕನಿಯಲ್ಲಿ ಮೊಮ್ಮಗಳು ಅನಘಾ ಗಟ್ಟಿಯಾಗಿ ಓದುವುದೂ ಕೇಳಿಸುತ್ತಿತ್ತು.

ಅವಳ ವಿಷಯ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆ ಒಡೆದುಹೋದೀತು. ಅನಘಾ ಉದ್ದ ಜಿಗಿತದಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದಾಳೆ. ತಿರುವನಂತಪುರದ ಒಂದು ಕ್ರೀಡಾ ಹಾಸ್ಟೆಲಿಗೆ ಅವಳನ್ನು ಆರಿಸಿದ್ದಾರೆ. ಇನ್ನು ಅಲ್ಲೇ ಊಟ, ಅಲ್ಲೇ ಶಾಲೆ, ಅಲ್ಲೇ ಜಿಗಿತ. ಈ ಸುದ್ದಿಯನ್ನು ನಾನು ಮೀನಿನವನಿಗೆ ಹೇಳಿದೆ, ಲಿಫ್ಟು ರಿಪೇರಿಗೆ ಬಂದವನಿಗೆ ಹೇಳಿದೆ, ಮೆಟ್ರೋದಲ್ಲಿ ಪಕ್ಕ ಕೂತಿದ್ದ ಗುರುತು ಪರಿಚಯ ಇಲ್ಲದ ಹೆಂಗಸಿಗೂ ಹೇಳಿದೆ. ನನ್ನದು ಅರ್ಧ ಮಲಯಾಳಂ. ಜಿಗಿದದ್ದು ನಾನೇ ಎಂದು ಆಕೆ ತಿಳಿದುಕೊಂಡಳೋ ಏನೋ, ತುಂಬ ಹೊತ್ತು ನನ್ನ ಮೊಣಕಾಲನ್ನೇ ನೋಡಿದಳು.

ಅನಘಾಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳಂನಲ್ಲಿ. ನಾನು ಕನ್ನಡದಲ್ಲಿ ಬೈಯುವುದು, ಅವಳು ಮಲಯಾಳಂನಲ್ಲಿ ಎದುರು ಹೇಳುವುದು, ನಮ್ಮ ಮನೆಯ ಕ್ರಮ ಇದು. ಅವಳು ಓದುತ್ತಿದ್ದ ಪುಸ್ತಕವೂ ಮಲಯಾಳಂದೇ. ಹಾಸ್ಟೆಲಿನಲ್ಲಿ ಬೇಸರ ಬಂದರೆ ಇರಲಿ ಅಂತ ಸುಜಾತ ಹಳೆ ಪುಸ್ತಕದ ಅಂಗಡಿಯಿಂದ ತಂದದ್ದು.

ನನ್ನ ಕಿವಿಗೆ ಮೊದಲು ಬಿದ್ದದ್ದು ಸಮುದ್ರದ ದೀಪಸ್ತಂಭ. ಆಮೇಲೆ ಅದರ ದೀಪ ಆರಿತು. ಕತ್ತಲೆಯಲ್ಲಿ ಯಾರೋ ದೋಣಿಯಿಂದ ಲಾಟೀನು ಬೀಸಿದರು. ಬೆಳಿಗ್ಗೆ ಬಂಡೆಯ ಸಂದಿಯಲ್ಲಿ ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆಯ ಮುಚ್ಚಳ ತೆಗೆದರು ಎಂದು ಓದಿ ಅವಳು ಪುಟ ತಿರುಗಿಸುವ ಮೊದಲೇ ನನ್ನ ಬಾಯಿಂದ ಬಂದುಬಿಟ್ಟಿತು:

"ಒಳಗೆ ಒದ್ದೆ ಮರಳು. ಮರಳಿನ ಮೇಲೆ ಒಂದೇ ಒಂದು ಚಪ್ಪಲಿ."

ಅನಘಾ ಪುಸ್ತಕ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. "ಅಮ್ಮಮ್ಮೇ, ಎಂಙನೆ ಅರಿಞ್ಞು?" ಹೇಗೆ ಗೊತ್ತಾಯಿತು ಅಂತ.

"ಇದು ನನ್ನ ಪುಸ್ತಕ ಮಾರಾಯ್ತಿ. ನನ್ನ ಭವಾನಿಯ ಕಥೆ."

ಅವಳಿಗೂ ಅದೇ ಅನುಮಾನ ಬಂದಿತ್ತಂತೆ. ಪುಟಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಪಕ್ಷೇ ಅಮ್ಮಮ್ಮೇ, ಇದಿಲ್ ಭವಾನಿ ಇಲ್ಲ," ಅಂದಳು.

ಇದರಲ್ಲಿ ಭವಾನಿಯೇ ಇಲ್ಲ ಎಂದರೆ ಎಂತ ಅರ್ಥ? ನನಗೆ ಆ ಕ್ಷಣ ಶುರುವಾದ ಗೊಂದಲ ಇನ್ನೂ ಬಿಟ್ಟಿಲ್ಲ. ನಿಮಗೆ ಅದು ತಿಳಿಯಬೇಕಾದರೆ ಕಮಲಕ್ಕನ ಜಗಲಿಗೆ ಬರಬೇಕು.

ನಮ್ಮದು ಮಂಗಳೂರಿನ ತೆಂಕು ಬದಿ, ಗಡಿ ದಾಟಿದರೆ ಕೇರಳ. ಮೂರನೇ ಕ್ಲಾಸಿಗೆ ನನ್ನ ಶಾಲೆ ಮುಗಿದು ಮಡಿಲಿಗೆ ಬೀಡಿಯ ಮೊರ ಬಂತು. ಮಧ್ಯಾಹ್ನದ ಮೇಲೆ ಅಕ್ಕಪಕ್ಕದ ಹೆಂಗಸರು, ನನ್ನಂಥ ಹುಡುಗಿಯರು, ಎಲ್ಲ ಕಮಲಕ್ಕನ ಜಗಲಿಯಲ್ಲಿ ಸೇರುವುದು. ಕಮಲಕ್ಕ ಗಡಿಯಾಚೆಯಿಂದ ಮದುವೆಯಾಗಿ ಬಂದವಳು. ಅವಳು ಆ ಹೊತ್ತು ಬೀಡಿ ಕಟ್ಟುವುದಿಲ್ಲ, ಓದುತ್ತಾಳೆ. ನಾವು ಕಟ್ಟಿದ್ದರಲ್ಲಿ ಒಂದೊಂದು ಹಿಡಿ ಅವಳ ಮೊರಕ್ಕೆ ಹಾಕುತ್ತೇವೆ. ಒಬ್ಬಳು ಓದುವುದು, ಅವಳ ಪಾಲನ್ನು ಉಳಿದವರು ಕಟ್ಟುವುದು. ಬೀಡಿ ಕಟ್ಟಲು ಕೈ ಸಾಕು, ಕಿವಿ ಯಾಕೆ ಸುಮ್ಮನೆ ಇರಬೇಕು?

ಜಗಲಿಯ ಮಾತೆಲ್ಲ ತುಳು. ಕಥೆ ಮಾತ್ರ ಕನ್ನಡದಲ್ಲಿ. ಶಾಲೆಯ ಪಾಠ ಕನ್ನಡ, ರಾತ್ರಿಯ ಬಯಲಾಟ ಕನ್ನಡ, ಹಾಗಾಗಿ ಪುಸ್ತಕ ಎಂದರೆ ಅದು ಕನ್ನಡವೇ ಎಂದು ನಾವು ತಿಳಿದಿದ್ದೆವು. ಕಮಲಕ್ಕ ಪುಸ್ತಕವನ್ನು ಮೊಣಕಾಲ ಮೇಲೆ ಎತ್ತಿ ಹಿಡಿಯುತ್ತಿದ್ದಳು. ಪುಟ ನೋಡುವುದು, ಆಮೇಲೆ ಮಾಡಿನ ಹಂಚು ನೋಡುವುದು, ಆಮೇಲೆ ನಮ್ಮನ್ನು ನೋಡಿ ಹೇಳುವುದು. ಒಂದೊಂದು ವಾಕ್ಯಕ್ಕೂ ಹೀಗೆ.

"ಹಂಚಿನಲ್ಲಿ ಎಂತ ಬರೆದುಂಟು ಕಮಲಕ್ಕ?" ಎಂದು ಯಾರಾದರೂ ಕೇಳಿದರೆ, "ನಿನ್ನ ಬೀಡಿ ಸಡಿಲ ಆಯಿತು, ಅದನ್ನು ನೋಡು," ಅನ್ನುತ್ತಿದ್ದಳು.

ಓದುವ ಕ್ರಮವೇ ಹಾಗೆ ಎಂದು ನಾನು ನಂಬಿದ್ದೆ. ಸುಜಾತ ಸಣ್ಣವಳಿರುವಾಗ ಗಡಗಡ ಓದಿಕೊಂಡು ಹೋದರೆ ಗದರುತ್ತಿದ್ದೆ: "ಮಾಡು ನೋಡದೆ ಓದುತ್ತಿಯಲ್ಲ, ಅದೆಂತ ಓದು?" ಅವಳು ಈಗಲೂ ಇದನ್ನು ಬ್ಯಾಂಕಿನವರ ಹತ್ತಿರ ಹೇಳಿ ನಗುತ್ತಾಳೆ.

ಕಮಲಕ್ಕನ ಆ ಪುಸ್ತಕಕ್ಕೆ ರಟ್ಟೇ ಇರಲಿಲ್ಲ, ಹಾಗಾಗಿ ಹೆಸರೂ ಗೊತ್ತಿರಲಿಲ್ಲ. ಸುಜಾತಳಿಗೆ ಸಂಬಳ ಬರಲು ಶುರುವಾದ ಮೇಲೆ ಅವಳಿಂದ ಮಂಗಳೂರಿನ ಅಂಗಡಿಗಳಲ್ಲಿ ಕೇಳಿಸಿದೆ. ದೀಪಸ್ತಂಭ, ತಗಡಿನ ಪೆಟ್ಟಿಗೆ, ಭವಾನಿ ಎಂಬ ಹುಡುಗಿ. ಒಬ್ಬರಿಗೂ ಗೊತ್ತಿಲ್ಲ. "ಅಮ್ಮ, ಅದು ನೀನು ಕನಸಲ್ಲಿ ಕಂಡ ಪುಸ್ತಕ," ಅಂದಳು. ಸಿಗುವುದು ಹೇಗೆ? ಕಮಲಕ್ಕನ ಕೈಯಲ್ಲಿದ್ದದ್ದು ಮಲಯಾಳಂ ಪುಸ್ತಕ. ಅವಳು ಹಂಚಿನಲ್ಲಿ ಹುಡುಕುತ್ತಿದ್ದದ್ದು ಕನ್ನಡದ ಮಾತನ್ನು. ಇಷ್ಟು ಸಣ್ಣ ಸಂಗತಿ ನನಗೆ ಹೊಳೆದದ್ದು ಈ ವಯಸ್ಸಿನಲ್ಲಿ, ಕೊಚ್ಚಿಯಲ್ಲಿ, ಬೆಂಡೆಕಾಯಿ ಕೈಯಲ್ಲಿ ಹಿಡಿದುಕೊಂಡು.

ಇನ್ನು ಭವಾನಿ. ಅವಳು ದೀಪಸ್ತಂಭ ಕಾಯುವವನ ಮಗಳು. ಅಪ್ಪನನ್ನು ಕಳ್ಳಸಾಗಣೆಯವರು ಹಿಡಿದು ಬಂಡೆಯಡಿಯ ಗುಹೆಯಲ್ಲಿ ಕಟ್ಟಿಹಾಕಿರುತ್ತಾರೆ. ಸಮುದ್ರದ ನೀರು ಏರುತ್ತಿರುವಾಗ ಭವಾನಿ ಒಬ್ಬಳೇ ಆ ಗುಹೆಗೆ ನುಗ್ಗುತ್ತಾಳೆ. ಅವಳಿಗೆ ಹೆದರಿಕೆ ಎಂಬುದೇ ಇಲ್ಲ. ಕಮಲಕ್ಕ ಅದನ್ನು ಹೇಳುವಾಗ ಜಗಲಿಯಲ್ಲಿ ಎಲ್ಲರ ಕೈಯೂ ನಿಂತುಬಿಡುತ್ತಿತ್ತು.

ಆಮೇಲೆ ನನ್ನ ಆಯುಷ್ಯಕ್ಕೆಲ್ಲ ಅವಳೇ ಅಳತೆ. ಹೆರಿಗೆ ನೋವು ಶುರುವಾಗಿ ಒಬ್ಬಳೇ ಬಸ್ಸು ಹತ್ತಿದಾಗ ಕೈಕಾಲು ನಡುಗಿತು. ಭವಾನಿಯಾಗಿದ್ದರೆ ನಡುಗುತ್ತಿರಲಿಲ್ಲ ಎಂದು ನನ್ನನ್ನೇ ಬೈದುಕೊಂಡೆ. ಮಗಳಿಗೆ ಟ್ರಾನ್ಸ್‌ಫರ್ ಆಗಿ ಈ ಊರಿಗೆ ಬಂದ ಹೊಸತರಲ್ಲಿ, ಮೆಟ್ರೋ ಸ್ಟೇಷನ್ನಿನ ಓಡುವ ಮೆಟ್ಟಿಲಿನ ಬುಡದಲ್ಲಿ ಒಂದು ಕಾಲು ಎತ್ತಿಕೊಂಡು ಕೊಕ್ಕರೆಯ ಹಾಗೆ ನಿಂತಾಗಲೂ ಬೈದುಕೊಂಡದ್ದು ಅವಳ ಹೆಸರು ಹಿಡಿದೇ. ಅನಘಾಳಿಗೂ ಹಾಲಿನ ಜೊತೆ ಅದನ್ನೇ ಕುಡಿಸಿದೆ. ಬಿದ್ದು ಮಂಡಿ ಒಡೆದರೆ, ಇಂಜೆಕ್ಷನ್ ಎಂದರೆ, "ಭವಾನಿ ಹೆದರಿದಳಾ?" "ಇಲ್ಲ."

ಹಾಸ್ಟೆಲಿನ ಸುದ್ದಿ ಬಂದ ದಿನವೂ ಕೇಳಿದೆ. "ಇಲ್ಲ" ಅಂದಳು. ಆದರೆ ಹೋಗುವ ದಿನ ಹತ್ತಿರ ಬಂದ ಹಾಗೆ ಹುಡುಗಿಗೆ ಊಟ ಸೇರುತ್ತಿರಲಿಲ್ಲ. ನಾನು ಖುಷಿಯಲ್ಲಿ ಊರಿಗೆಲ್ಲ ಸಾರುತ್ತಿದ್ದವಳು, ಅದನ್ನು ನೋಡಿದ್ದು ಸುಜಾತ. "ಅಮ್ಮ," ಅಂದಳು, "ಅಲ್ಲಿಗೆ ಹೋಗಿ ಅವಳು ಬೇಡ ಎಂದರೆ ಒತ್ತಾಯ ಮಾಡಬೇಡ. ವಾಪಸು ಕರೆದುಕೊಂಡು ಬಾ." ಬೇಡ ಎನ್ನಲು ಅವಳು ಬಾಯಿ ಬಿಡಬೇಕಲ್ಲ.

ಸುಜಾತಳಿಗೆ ಬ್ಯಾಂಕಿನಲ್ಲಿ ಆಡಿಟ್ಟು, ಅಳಿಯ ಹಡಗಿನ ಕೆಲಸದಲ್ಲಿ ದೂರ. ಹಾಗಾಗಿ ಬಿಟ್ಟುಬರುವ ಭಾಗ್ಯ ನನಗೆ. ಬೆಳಗಿನ ರೈಲು. ಕಿಟಕಿ ಪಕ್ಕ ಅನಘಾ, ಅವಳ ಪಕ್ಕ ನಾನು, ನನ್ನ ಕಾಲಡಿ ಅವಳ ಟ್ರಂಕು.

"ಆ ಪುಸ್ತಕ ತೆಗಿ," ಅಂದೆ. "ಗುಹೆಯದ್ದು ಓದು. ಆದರೆ ನನಗೆ ಕನ್ನಡದಲ್ಲಿ ಬೇಕು."

ಅವಳು ಪುಟ ಹುಡುಕಿದಳು. ಆಮೇಲೆ ಕೇಳಿದಳು, ನೀವು ನಂಬಬೇಕು, ಕನ್ನಡದಲ್ಲೇ ಕೇಳಿದಳು: "ಬರೆದ ಹಾಗೆ ಓದಲಾ, ಭವಾನಿಯನ್ನು ಹಾಕಿ ಓದಲಾ?"

ಭವಾನಿಯೇ ಬೇಕು ಎಂದು ನಾಲಿಗೆಯ ತುದಿಗೆ ಬಂದದ್ದು. "ಬರೆದ ಹಾಗೆ ಓದು ಮಗಾ," ಅಂದೆ. ಬರೆದದ್ದರಲ್ಲಿ ಭವಾನಿಯ ಜಾಗದಲ್ಲಿ ಇದ್ದದ್ದು ಸೋಮನ್ ಎಂಬ ಹುಡುಗ.

ಅವಳು ಪುಟ ನೋಡಿದಳು, ಮೇಲೆ ರೈಲಿನ ಫ್ಯಾನು ನೋಡಿದಳು, ನನ್ನನ್ನು ನೋಡಿದಳು. "ಸೋಮನ್ ಗುಹೆಯ ಬಾಯಿಗೆ ಬಂದ. ನೀರು ಅವನ ಮೊಣಕಾಲಿಗೆ ಬಂತು. ಸೋಮನಿಗೆ..." ಕನ್ನಡದ ಮಾತು ಸಿಗದೆ ಅಲ್ಲಿ ನಿಂತಳು. "ಅಮ್ಮಮ್ಮ, ಹೆದರಬೇಡ ಅಂತ ನೀವು ಹೇಳ್ತೀರಲ್ಲ. ಸೋಮನ್ ಅದರ ಉಲ್ಟಾ ಮಾಡಿದ."

"ಹೆದರಿದ."

"ಆಂ. ಹೆದರಿದ."

ಎದುರು ಕೂತಿದ್ದ ಮುದುಕಿ ಕಡಲೆ ತಿನ್ನುವುದು ನಿಲ್ಲಿಸಿ ಕೇಳಿದಳು, "ಇದೇದು ಭಾಷ, ಮೋಳೇ?" ಇದು ಯಾವ ಭಾಷೆ ಮಗಳೇ ಅಂತ.

"ಅಮ್ಮಮ್ಮಯುಡೆ," ಅಂದಳು ಅನಘಾ. ಅಮ್ಮಮ್ಮನದ್ದು.

ಸೋಮನ್ ಹೆದರಿದ್ದು ಮಾತ್ರ ಅಲ್ಲ. ವಾಪಸು ಓಡಿದ, ಮರಳಿನಲ್ಲಿ ಕೂತು ಅಮ್ಮನನ್ನು ಕರೆದು ಅತ್ತ. ಚಡ್ಡಿ ಒದ್ದೆಯಾದದ್ದು ಬರೀ ಸಮುದ್ರದ ನೀರಿನಿಂದ ಅಲ್ಲವಂತೆ. ಅದನ್ನು ಕನ್ನಡ ಮಾಡುವಾಗ ಅನಘಾಳಿಗೆ ನಗು ತಡೆಯಲಿಲ್ಲ. ಸೋಮನ್ ಮತ್ತೆ ಎದ್ದು ಹೋದ, ಮತ್ತೆ ತಿರುಗಿ ಬಂದ. ಎಷ್ಟೋ ಹೊತ್ತಿನ ಮೇಲೆ ಅಪ್ಪನ ಕೂಗು ಕೇಳಿ, ಅಳುತ್ತಲೇ ಒಳಗೆ ಹೋದ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಇದನ್ನೆಲ್ಲ ಕಮಲಕ್ಕ ನುಂಗಿಬಿಟ್ಟಿದ್ದಾಳಲ್ಲ. ಹುಡುಗನನ್ನು ತೆಗೆದು ಹುಡುಗಿಯನ್ನು ಇಟ್ಟದ್ದು ಸರಿ, ಕೇಳುತ್ತಿದ್ದವರು ನಾವೆಲ್ಲ ಹೆಣ್ಣುಗಳು. ಹೆದರಿಕೆಯನ್ನು ಯಾಕೆ ತೆಗೆದಳು? ಜಗಲಿಯಲ್ಲಿ ಕೂತವರು ಮೊದಲೇ ಸಾಕಷ್ಟು ಹೆದರಿದವರು ಎಂದಾ? ಅಥವಾ ಸಂಜೆಯಾಯಿತು, ದನ ಕಟ್ಟಬೇಕು, ಬೇಗ ಮುಗಿಯಲಿ ಎಂದಾ? ಕೇಳುವ ಎಂದರೆ ಕಮಲಕ್ಕ ಈಗ ಇಲ್ಲ. ಅತ್ತುಕೊಂಡು ಗುಹೆಗೆ ಹೋದವರೂ ಪುಸ್ತಕದಲ್ಲಿ ಇರುತ್ತಾರೆ ಎಂದು ಗೊತ್ತಿದ್ದರೆ ಆ ದಿನ ಬಸ್ಸಿನಲ್ಲಿ ನಾನು ನನ್ನನ್ನು ಅಷ್ಟು ಬೈಯುತ್ತಿರಲಿಲ್ಲ. ಆದರೆ ಭವಾನಿ ಜೊತೆಗೆ ಇರದಿದ್ದರೆ ಬಸ್ಸನ್ನೇ ಹತ್ತುತ್ತಿರಲಿಲ್ಲವೋ ಏನೋ. ಕಮಲಕ್ಕನಿಗೆ ಕೈ ಮುಗಿಯಬೇಕಾ, ಜಗಳ ಮಾಡಬೇಕಾ, ನೀವೇ ಹೇಳಿ.

ತಿರುವನಂತಪುರ ಹತ್ತಿರವಾಗಿ ಕಳಕ್ಕೂಟಂ ದಾಟುವಾಗ ಅನಘಾ ಪುಸ್ತಕ ಮಡಚಿದಳು. ಹೊರಗೆ ದೊಡ್ಡ ದೊಡ್ಡ ಗಾಜಿನ ಕಟ್ಟಡಗಳು ಹಿಂದೆ ಹೋಗುತ್ತಿದ್ದವು. ಅವುಗಳನ್ನೇ ನೋಡಿಕೊಂಡು ಹೇಳಿದಳು, "ಅಮ್ಮಮ್ಮ, ನನಗೆ ಉಲ್ಟಾ ಆಗ್ತಾ ಉಂಟು."

ಮೊದಲಾಗಿದ್ದರೆ ನಾನು ಎಂತ ಹೇಳುತ್ತಿದ್ದೆ ಎಂದು ನಿಮಗೆ ಗೊತ್ತು. "ನನಗೂ," ಅಂದೆ.

"ಅಮ್ಮಮ್ಮನಿಗಾ?"

"ನಿನ್ನನ್ನು ಬಿಟ್ಟು ಒಬ್ಬಳೇ ವಾಪಸು ಹೋಗಬೇಕಲ್ಲ. ನನಗೆ ಯಾವಾಗಲೂ ಉಲ್ಟಾವೇ ಮಗಾ. ಹೇಳಿದ್ದು ಮಾತ್ರ ಭವಾನಿಯದ್ದು."

ಅವಳು ನನ್ನ ಮುಖವನ್ನು ಹೊಸಬರನ್ನು ನೋಡಿದ ಹಾಗೆ ನೋಡಿದಳು. "ಬೇಡ ಅನಿಸಿದರೆ ಹೇಳು," ಅಂದೆ, "ಸಂಜೆಗೆ ರೈಲು ಉಂಟು. ಅಮ್ಮ ಏನೂ ಹೇಳುವುದಿಲ್ಲ." "ಒಮ್ಮೆ ನೋಡುವ," ಅಂದಳು.

ತಿರುವನಂತಪುರದ ತಂಪಾನೂರು ಸ್ಟೇಷನ್ನಿನಲ್ಲಿ ಇಳಿದು ಎದುರಿನ ಹೋಟೆಲಿನಲ್ಲಿ ಅವಳಿಗೆ ಪಳಂಪೊರಿ ಕೊಡಿಸಿದೆ, ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿ ಅದು. ಎರಡು ದಿನದ ಮೇಲೆ ಸರಿಯಾಗಿ ತಿಂದದ್ದು. ಹಾಸ್ಟೆಲಿಗೆ ಹೋದರೆ ಅವಳು ಕೋಣೆ ನೋಡಲಿಲ್ಲ, ಮಂಚ ನೋಡಲಿಲ್ಲ. ನೇರ ಮೈದಾನಕ್ಕೆ ಹೋಗಿ, ಚಪ್ಪಲಿ ಕಳಚಿ, ಜಿಗಿಯುವವರು ಬೀಳುವ ಮರಳಿನಲ್ಲಿ ಕಾಲು ಊರಿ ನೋಡಿದಳು. ನಾನು ದೂರದಲ್ಲಿ ಟ್ರಂಕಿನ ಮೇಲೆ ಕೂತಿದ್ದೆ. ಬಂದು ಹೇಳಿದಳು, "ಮರಳು ಮೆತ್ತಗೆ ಉಂಟು. ಇವತ್ತು ಇರುತ್ತೇನೆ. ನಾಳೆದ್ದು ನಾಳೆ."

ವಾಪಸು ಬರುವಾಗ ಕೊಲ್ಲಂ ತನಕ ಅತ್ತೆ. ಆಮೇಲೆ ಪಕ್ಕದವಳಿಗೆ ಜಿಗಿತದ ಸುದ್ದಿ ಹೇಳಲು ಶುರು ಮಾಡಿದೆ.

ಈಗ ಭಾನುವಾರ ಭಾನುವಾರ ಫೋನು ಬರುತ್ತದೆ. ಮೊದಲೆರಡು ಸಲ ಎರಡೇ ಮಾತು. "ಅಮ್ಮಮ್ಮ, ಇವತ್ತು ಇದ್ದೇನೆ," ಅಷ್ಟೇ. ಈ ಭಾನುವಾರ ಫೋನು ಬಂದಾಗ ಹಿಂದಿನಿಂದ ಹುಡುಗಿಯರ ಗಲಾಟೆ.

"ರೂಮಿನವರಿಗೆ ಭವಾನಿಯ ಕಥೆ ಹೇಳುತ್ತಾ ಇದ್ದೇನೆ," ಅಂದಳು. "ಸೋಮನ್ ಅವರಿಗೆ ಗೊತ್ತುಂಟು, ಎಲ್ಲರೂ ಓದಿದ್ದಾರೆ. ಭವಾನಿ ಇರುವ ಪುಸ್ತಕ ಎಲ್ಲಿ ಸಿಗ್ತದೆ ಅಂತ ಕೇಳ್ತಾರೆ."

"ನೀನು ಎಂತ ಹೇಳಿದೆ?"

"ಅದು ಕನ್ನಡ ಪುಸ್ತಕ, ಇಲ್ಲಿ ಸಿಗುವುದಿಲ್ಲ ಅಂದೆ."

ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ. ಮೂಗು ಒರೆಸಿಕೊಂಡು ಕೇಳಿದೆ, "ನಿನ್ನ ಭವಾನಿ ಗುಹೆಗೆ ಹೋದಳಾ?"

"ಹೋದಳು ಅಮ್ಮಮ್ಮ. ಮೊದಲು ಸ್ವಲ್ಪ ಅತ್ತಳು."

"ಸ್ವಲ್ಪವಾ?"

"ಮೂರ್ನಾಲ್ಕು ದಿನ," ಅಂದಳು. ಅಷ್ಟರಲ್ಲಿ ಹುಡುಗಿಯರು ಅವಳನ್ನು ಕರೆದರು, ಬಾಕಿ ಕಥೆ ಹೇಳು ಅಂತ. ಫೋನು ಇಟ್ಟುಬಿಟ್ಟಳು.

ಸುಜಾತ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಇಷ್ಟು ದಿನವೂ ಅವಳಿಗೆ ಒಂದೇ ಆತಂಕ, ಹುಡುಗಿ ಅಲ್ಲಿ ನಿಲ್ಲುತ್ತಾಳಾ ಎಂದು. "ಎಂತ ಹೇಳಿದಳು ಅಮ್ಮ?"

ಎಲ್ಲಿಂದ ಶುರು ಮಾಡುವುದು? ಭವಾನಿ, ಸೋಮನ್, ಮೂರ್ನಾಲ್ಕು ದಿನದ ಅಳು, ಎಲ್ಲ ಒಟ್ಟಿಗೆ ಬಾಯಿಗೆ ಬಂತು. ಮೇಲೆ ಫ್ಯಾನು ನೋಡಿ, ಆಮೇಲೆ ಅವಳನ್ನು ನೋಡಿ ಹೇಳಿದೆ:

"ಅಲ್ಲೇ ಇರುತ್ತಾಳಂತೆ."

ಅನಘಾ ಅಂಥ ಮಾತು ಆಡಿರಲೇ ಇಲ್ಲ. ಆದರೂ ಸುಳ್ಳು ಹೇಳಿದೆ ಎಂದು ನನಗೆ ಅನಿಸಲಿಲ್ಲ.